ಪ್ರತಿಭಾ ಪುರಸ್ಕಾರದಲ್ಲಿ ನನ್ನ ಅಣ್ಣ ಪಾನಕ ಹಂಚುತ್ತಿದ್ದ

ಬನವಾಸಿ ರಸ್ತೆ (ಚರ್ಚೆ ಶುರು ಮಾಡಿದವರು)

ಹೋದ ಭಾನುವಾರ ನಮ್ಮ ಕಡೆ ಒಂದು ಪ್ರತಿಭಾ ಪುರಸ್ಕಾರ ಇತ್ತು. ಯಾವ ಊರು, ಯಾವ ಸಂಘ ಅಂತ ಕೇಳಬೇಡಿ, ಹೇಳುವುದಿಲ್ಲ. ಶಿರಸಿ ಸೀಮೆಯವರಿಗೆ ಗೊತ್ತೇ ಇದೆ, ಮಳೆಗಾಲ ಹಿಡಿಯಿತು ಅಂದರೆ ಒಂದಲ್ಲ ಒಂದು ಸಭಾಭವನದಲ್ಲಿ ಇದು ಇದ್ದೇ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 600 ದಾಟಿದ ಮಕ್ಕಳಿಗೆ ಶಾಲು, ಹಾರ, ಒಂದು ಫಲಕ. ಆಮೇಲೆ ಊಟ.

ನನ್ನ ಅಣ್ಣ ಇಂಥ ಕಾರ್ಯಕ್ರಮಕ್ಕೆ ತಪ್ಪಿಸುವುದಿಲ್ಲ. ಅವನಿಗೆ 41 ವರ್ಷ. ಹುಟ್ಟಿದಾಗ ತುಂಬ ಹೊತ್ತು ಅಳಲಿಲ್ಲವಂತೆ, ಮೈ ನೀಲಿಯಾಗಿತ್ತಂತೆ. ನಿಧಾನವಾಗಿ ಮಾತಾಡುತ್ತಾನೆ, ನೂರು ರೂಪಾಯಿ ಕೊಟ್ಟರೆ ಚಿಲ್ಲರೆ ಎಣಿಸಲು ಬರುವುದಿಲ್ಲ. ಕುರ್ಚಿ ಹಾಕುವುದು, ಬಾಳೆಲೆ ತೊಳೆಯುವುದು, ಪಾನಕ ಹಂಚುವುದು ಅಂದರೆ ಮುಂದೆ. ಅವತ್ತೂ ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಒಂದು ಹನಿಯೂ ಚೆಲ್ಲದ ಹಾಗೆ ಸಾಲುಸಾಲು ಹೋಗುತ್ತಿದ್ದ.

ನಿರೂಪಣೆ ಮಾಡುತ್ತಿದ್ದವರು ಮೈಕಿನಲ್ಲಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಮೊಬೈಲ್ ಬಿಡಿ, ಓದಿ, ಅದು ಇದು. ಅಷ್ಟರಲ್ಲಿ ಅಣ್ಣ ವೇದಿಕೆಯ ಮುಂದೆ ಹಾದು ಹೋದ. ಅವರು ಅವನತ್ತ ಕೈ ತೋರಿಸಿ, “ಓದದಿದ್ದರೆ ನೋಡಿ, ಕಡೆಗೆ ಪಾನಕ ಹಂಚಬೇಕಾಗುತ್ತದೆ” ಅಂದರು. ಸಭೆಯೆಲ್ಲ ನಕ್ಕಿತು. ಎಲ್ಲರೂ ನಗುವುದು ನೋಡಿ ಅಣ್ಣನೂ ನಕ್ಕ. ನಾನು ನಾಲ್ಕನೇ ಸಾಲಿನಲ್ಲಿದ್ದೆ. ಸುಳ್ಳು ಹೇಳುವುದಿಲ್ಲ, ನನ್ನ ಬಾಯಿಯೂ ಅಗಲವಾಗಿತ್ತು.

ಊಟದ ಹೊತ್ತಿಗೆ ಹಿರಿಯರೊಬ್ಬರು ಬಂದು ಸಮಾಧಾನ ಮಾಡಿದರು. “ಮನಸ್ಸಿಗೆ ಹಚ್ಕಳಡ ತಮಾ. ಲೆಕ್ಕ ಬರದೇ ಇದ್ರೆ ಎಂತಾತು, ಅಡಿಕೆ ಆರಿಸದ್ರಲ್ಲಿ ನಿನ್ನ ಅಣ್ಣನ್ನ ಮೀರಿಸವ್ವು ಇಲ್ಲೆ” ಅಂದರು. ಆ ಮಾತು ಆ ನಗುವಿಗಿಂತ ಜಾಸ್ತಿ ಚುಚ್ಚಿತು. ಯಾಕೆ ಅಂತ ನನಗೇ ಸರಿಯಾಗಿ ಗೊತ್ತಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

---

ಅಘನಾಶಿನಿ ದಡ

ಓದಿ ಮೈ ಉರಿಯಿತು. ಇದು ಬರೀ ಕೆಟ್ಟ ಮಾತಲ್ಲ, ಅಪರಾಧವಾಗಬಹುದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು ಇದೆಯಲ್ಲ, ಅದರ 92ನೇ ಕಲಂ ಓದಿ. ಅಂಗವಿಕಲರನ್ನು ನಾಲ್ಕು ಜನರ ಎದುರು ಬೇಕಂತಲೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಮೇಲೆ ದಂಡ. ಯಾರಾದರೂ ವೀಡಿಯೊ ಮಾಡಿದ್ದರೆ ಇಟ್ಟುಕೊಳ್ಳಿ.

---

ಬನವಾಸಿ ರಸ್ತೆ

ಕಲಂ ಹೇಳಿದ್ದಕ್ಕೆ ಥ್ಯಾಂಕ್ಸ್. ಕೇಸು ಹಾಕುವ ಮನಸ್ಸಿಲ್ಲ. ಆ ಮನುಷ್ಯ ನಮ್ಮ ಮನೆಗೆ ಬಂದು ಹೋಗುವವರೇ, ಅಣ್ಣನಿಗೆ ಚಾಕಲೇಟ್ ತರುತ್ತಾರೆ. ಅವರು ಬೇಕಂತ ಮಾಡಿದರು ಅಂತಲೂ ಅಲ್ಲ. ನಗು ಬರಿಸಬೇಕಿತ್ತು, ಎದುರಿಗೆ ಸಿಕ್ಕಿದ್ದು ಇವನು.

---

ಬೈತಖೋಲ್

ಕಾರವಾರದಿಂದ. ನಮ್ಮ ಮೀನು ಪೇಟೆ ಕಡೆ ಒಬ್ಬ ಇದ್ದ. ಎಲ್ಲರೂ ಪಿಸೊ ಪಿಸೊ (ಕೊಂಕಣಿಯಲ್ಲಿ ಹುಚ್ಚ) ಅಂತಲೇ ಕರೆಯುವುದು, ನಿಜವಾದ ಹೆಸರು ನನಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಬಂಗಡೆ ಬುಟ್ಟಿ ಹೊರುವುದು, ಐಸ್ ಒಡೆಯುವುದು, ಮೀನು ಮಾರುವ ಹೆಂಗಸರಿಗೆ ನೀರು ತಂದುಕೊಡುವುದು. ಎಲ್ಲರಿಗೂ ಅವನ ಮೇಲೆ ಪ್ರೀತಿ. ಯಾರಾದರೂ ಹೊರಗಿನವರು ಬೈದರೆ ಇಡೀ ಪೇಟೆ ಜಗಳಕ್ಕೆ ನಿಲ್ಲುತ್ತಿತ್ತು.

ಆದರೆ ಕೂಲಿ? ಪಕ್ಕದವನಿಗೆ ನೋಟು, ಇವನಿಗೆ ಚಾ, ಒಂದು ಪಾವ್, ಮನೆಗೆ ನಾಲ್ಕು ಮೀನು. ಕೇಳಿದರೆ “ಅವನಿಗೆ ದುಡ್ಡು ಯಾಕೆ, ಕಳೆದುಕೊಳ್ತಾನೆ” ಅನ್ನುತ್ತಿದ್ದರು. ಬುಟ್ಟಿಯ ಭಾರ ಮಾತ್ರ ಇಬ್ಬರಿಗೂ ಒಂದೇ ಮಾರಾಯ್ರೇ.

---

ದೇವಿಮನೆ ಘಟ್ಟ

ಬೈಸಿಕೊಳ್ಳುತ್ತೇನೆ ಅಂತ ಗೊತ್ತು, ಆದರೂ ಹೇಳುತ್ತೇನೆ. ಆ ನಿರೂಪಕ ಹೇಳಿದ್ದು ತಪ್ಪು. ಸರಿ. ಆದರೆ ಜಾಣತನಕ್ಕೆ ಬೆಲೆ ಕೊಡುವುದೇ ತಪ್ಪು ಅನ್ನುವ ಹಾಗೆ ಮಾತು ಹೋಗುವುದು ಬೇಡ. ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದರೆ ಇವತ್ತಿಗೂ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡಬೇಕು. ಆಪರೇಷನ್ ಮಾಡುವವರು ಜಾಣರೇ ಆಗಿರಬೇಕಲ್ವಾ? ಗದ್ದೆ ತೋಟ ಇಲ್ಲದ ಮನೆಯ ಹುಡುಗಿಗೆ 610 ಅಂಕ ಬಂದರೆ ಅವಳಿಗೆ ಇರುವ ದಾರಿ ಅದೊಂದೇ. ಅವಳಿಗೆ ಶಾಲು ಹೊದಿಸಿದರೆ ಯಾರಿಗೆ ಏನು ನಷ್ಟ?

ಇನ್ನೊಂದು, ತಮಾಷೆಯನ್ನು ಇಷ್ಟು ದೊಡ್ಡದು ಮಾಡಿದರೆ ನಾಳೆ ಯಕ್ಷಗಾನದ ಆಟದಲ್ಲಿ ಹಾಸ್ಯವೂ ಇರಬಾರದು.

---

ಅಘನಾಶಿನಿ ದಡ

ಆಟದಲ್ಲಿ ಹಾಸ್ಯಗಾರ ಕಾಲೆಳೆಯುವುದು ರಾಜನನ್ನು. ಪಾನಕ ಹಂಚುವವನನ್ನಲ್ಲ.

---

ನಿವೃತ್ತ ಮಾಸ್ತರು, ಹೊನ್ನಾವರ

ನಾನು 34 ವರ್ಷ ಪಾಠ ಮಾಡಿದವನು. ಈ ವಿಷಯದಲ್ಲಿ ನನ್ನ ಕೈ ಶುದ್ಧವಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಜಿಲ್ಲೆಗೆ ಎರಡು ಶೈಕ್ಷಣಿಕ ಜಿಲ್ಲೆ, ಕಾರವಾರದ್ದೊಂದು, ಶಿರಸಿದೊಂದು. ಫಲಿತಾಂಶ ಬಂದ ದಿನ ಯಾರು ಮೇಲೆ, ಯಾರು ಕೆಳಗೆ ಅನ್ನುವುದೇ ಮಾತು. ಶಾಲೆಶಾಲೆಗೂ ಅದೇ ಪೈಪೋಟಿ. ನಮ್ಮ ಶಾಲೆಗೆ ಒಂದು ವರ್ಷ ನೂರಕ್ಕೆ ನೂರು ಬರುವ ಹಾಗಿತ್ತು. ಒಬ್ಬ ಹುಡುಗ ಮಾತ್ರ ಪಾಸಾಗುವುದು ಕಷ್ಟ. ನಿಧಾನ ಕಲಿಯುವವನು, ಆದರೆ ಒಂದು ದಿನ ಶಾಲೆ ತಪ್ಪಿಸಿದವನಲ್ಲ. ಪರೀಕ್ಷೆಗೆ ಮುಂಚೆ ಅವನ ಅಪ್ಪನನ್ನು ಕರೆಸಿ, “ಈ ವರ್ಷ ಬೇಡ, ಮುಂದಿನ ವರ್ಷ ಹೊರಗಿನಿಂದ ಕಟ್ಟಿಸಿ” ಅಂದೆವು. ಆ ಮಾತು ಹೇಳಿದವನು ನಾನೇ. ಅವರು ಕೈ ಮುಗಿದು ಹೋದರು. ನಮಗೆ ನೂರಕ್ಕೆ ನೂರು ಬಂತು, ಫೋಟೊ ತೆಗೆಸಿಕೊಂಡೆವು. ಆ ಹುಡುಗ ಮುಂದಿನ ವರ್ಷವೂ ಕಟ್ಟಲಿಲ್ಲ.

ಈಗ ಬುದ್ಧಿ ಅಳೆಯುವ ಕತೆ ಸ್ವಲ್ಪ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ಓದಿದ್ದು, ಮೊದಲೇ ಓದಿದ್ದರೆ ಚೆನ್ನಾಗಿತ್ತು. ಮೊದಲ ಬುದ್ಧಿ ಪರೀಕ್ಷೆ ಮಾಡಿದವರು ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಅವರ ಜೊತೆಗಾರ ಸಿಮೋನ್, 1905ರಲ್ಲಿ. ಅವರಿಗೆ ಬೇಕಾಗಿದ್ದು ಇಷ್ಟೇ: ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚು ಸಹಾಯ ಬೇಕು ಅಂತ ಗುರುತಿಸುವುದು. ಈ ಅಂಕಿ ಬದಲಾಗದ ಹಣೆಬರಹ ಅಂತ ಬಿನೆ ಒಪ್ಪಲಿಲ್ಲ. 1911ರಲ್ಲಿ ತೀರಿಕೊಂಡರು.

ಆಮೇಲೆ ಆದದ್ದು ನೋಡಿ. ಅಮೆರಿಕದ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ಇಂಥ ಮಕ್ಕಳ ಒಂದು ಶಾಲೆ ಇತ್ತು. ಅಲ್ಲಿದ್ದ ಹೆನ್ರಿ ಗೊಡಾರ್ಡ್ ಆ ಪರೀಕ್ಷೆಯನ್ನು ಇಂಗ್ಲಿಷಿಗೆ ತಂದರು. ‘ಮೋರಾನ್’ ಅನ್ನುವ ಪದ ಹುಟ್ಟಿಸಿದ್ದೂ ಅವರೇ, 1910ರಲ್ಲಿ. ಇಡಿಯಟ್, ಇಂಬೆಸೈಲ್, ಮೋರಾನ್, ಈ ಮೂರೂ ಆಗ ಬೈಗುಳವಲ್ಲ, ವೈದ್ಯರ ದರ್ಜೆಗಳು. ನಮ್ಮ ಅಡಿಕೆಯಲ್ಲಿ ಒಳ್ಳೆಯದರಿಂದ ಕೆಟ್ಟದ್ದರವರೆಗೆ ಚಾಲಿ, ಬಿಳೆಗೋಟು, ಕೋಕ ಅಂತ ಬೇರೆ ಮಾಡುತ್ತಾರಲ್ಲ, ಹಾಗೆ. ಸಹಾಯಕ್ಕೆ ಅಂತ ಹುಟ್ಟಿದ ಅಳತೆಗೋಲು ಹೆಕ್ಕಿ ಬಿಸಾಡುವ ಕೊಕ್ಕೆಯಾಯಿತು. 1927ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೇ ಕ್ಯಾರಿ ಬಕ್ ಎಂಬ ಹುಡುಗಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಬಹುದು ಅಂತ ತೀರ್ಪು ಕೊಟ್ಟಿತು. ಅವಳಿಗೂ ಅವಳ ತಾಯಿಗೂ ಬುದ್ಧಿ ಕಡಿಮೆ, ಕೂಸಿಗೂ ಹಾಗೇ ಅಂದರು. ಆ ಕೂಸು ಮುಂದೆ ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆದವರ ಪಟ್ಟಿಯಲ್ಲಿ ಇತ್ತು! ಅಂಥ ಕಾನೂನುಗಳ ಅಡಿಯಲ್ಲಿ ಆ ದೇಶದಲ್ಲಿ ಅರವತ್ತು ಸಾವಿರಕ್ಕೂ ಜಾಸ್ತಿ ಜನರಿಗೆ ಹೀಗೆ ಮಾಡಿದರು.

ನಾನು ಆ ಅಪ್ಪನಿಗೆ ಹೇಳಿದ ಮಾತು ಇದೇ ಸಾಲಿನಲ್ಲಿ ಎಲ್ಲೋ ಕೊನೆಗೆ ಬರುತ್ತದೆ ಅಂತ ಈಗ ಅನ್ನಿಸುತ್ತದೆ.

---

ಬೈತಖೋಲ್

ಮಾಸ್ತರೇ, ಆ ಹುಡುಗ ಈಗ ಎಲ್ಲಿದ್ದಾನೆ?

---

ನಿವೃತ್ತ ಮಾಸ್ತರು, ಹೊನ್ನಾವರ

ಒಂದು ಗೂಡಂಗಡಿಯಲ್ಲಿ ಕೆಲಸಕ್ಕಿದ್ದಾನೆ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ನಾನು ಆ ಅಂಗಡಿಗೆ ಹೋಗುವುದು ಬಿಟ್ಟಿದ್ದೇನೆ.

---

ಮಳೆಗಾಲ

ವೈನ್‌ಲ್ಯಾಂಡ್ ಅಂತ ಓದಿ ಕೈ ನಿಂತಿತು. ಆ ಹೆಸರು ನನಗೆ ಗೊತ್ತು. ನನ್ನ ಮಗನಿಗೆ ಅಂಗವಿಕಲರ ಸರ್ಟಿಫಿಕೇಟ್ ಮಾಡಿಸುವಾಗ ಕೇಳಿದ ಪ್ರಶ್ನೆಗಳ ಹಾಳೆಯ ಮೇಲೆ ಅದೇ ಹೆಸರು ಇತ್ತು. ಆಮೇಲೆ ಹುಡುಕಿ ನೋಡಿದೆ, ಅದೇ ಊರಿನ ಶಾಲೆಯಲ್ಲಿ 1935ರಲ್ಲಿ ಎಡ್ಗರ್ ಡಾಲ್ ಅನ್ನುವವರು ಮಾಡಿದ್ದಂತೆ. ಮಗು ಏನು ಓದಿದೆ ಅಂತ ಅಲ್ಲ, ತನ್ನ ಕೆಲಸ ತಾನು ಎಷ್ಟು ಮಾಡಿಕೊಳ್ಳುತ್ತದೆ ಅಂತ ಕೇಳುತ್ತಾರೆ. ಉತ್ತರ ಹೇಳಬೇಕಾದವಳು ತಾಯಿ.

ಅವತ್ತಿನದು ಹೇಳುತ್ತೇನೆ. ಅವನಿಗೆ ಆಗ ಹನ್ನೊಂದು. ಬೆಳಗಿನ ಜಾವದ ಬಸ್ಸಿಗೆ ಹೊರಟು, ಘಟ್ಟದಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಹನ್ನೊಂದು ಗಂಟೆಗೆ ಸರದಿ ಬಂತು. ಆಸ್ಪತ್ರೆ ಯಾವುದು ಅಂತ ಬೇಡ. “ತಾನೇ ಊಟ ಮಾಡ್ತಾನಾ?” ಅಂದರು. ನಾನು ಖುಷಿಯಿಂದ “ಮಾಡ್ತಾನೆ ಸರ್, ಮೀನಿನ ಮುಳ್ಳು ಕೂಡ ತಾನೇ ತೆಗೀತಾನೆ” ಅಂದೆ. ಆ ಮುಳ್ಳು ತೆಗೆಯುವುದನ್ನು ಕಲಿಸಲಿಕ್ಕೆ ನನಗೆ ಎರಡು ವರ್ಷ ಹಿಡಿದಿತ್ತು. ಮೊದಲು ಬಂಗಡೆಯ ನಡುವಿನ ಮುಳ್ಳು, ಆಮೇಲೆ ಅಂಚಿನದು. ತಾರ್ಲೆ ಮೀನಿನದು ಇನ್ನೂ ಆಗುವುದಿಲ್ಲ.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ತಾಯಿ ನನ್ನ ಸೆರಗು ಜಗ್ಗಿದಳು. “ಅಕ್ಕಾ, ಹಾಗೆಲ್ಲ ಹೇಳಬೇಡಿ, ಪರ್ಸೆಂಟ್ ಕಡಿಮೆ ಬರ್ತದೆ” ಅಂದಳು. ಅಂಗವೈಕಲ್ಯ ಶೇಕಡಾ 40 ಮುಟ್ಟದಿದ್ದರೆ ಹೆಚ್ಚಿನ ಸೌಲಭ್ಯ ಸಿಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ಬರುವುದಿಲ್ಲ, ಬರುವುದಿಲ್ಲ ಅಂತ ಹೇಳುತ್ತಾ ಹೋದೆ. ಮಗ ಪಕ್ಕದಲ್ಲೇ ಇದ್ದ. “ಅಂಗಿ ಗುಂಡಿ ಹಾಕಿಕೊಳ್ತಾನಾ?” ಅಂದಾಗ ನಾನು ಇಲ್ಲ ಅಂದೆ. ಅವನು ಎದ್ದು ನಿಂತು, ಹಾಕಿದ್ದ ಗುಂಡಿ ಬಿಚ್ಚಿ, ಅವರ ಎದುರಿಗೇ ಒಂದೊಂದಾಗಿ ಹಾಕಿ ತೋರಿಸಿದ. ಅಮ್ಮ ಮರೆತಿದ್ದಾಳೆ ಅಂದುಕೊಂಡಿದ್ದ ಪಾಪ.

ಆ ಪರೀಕ್ಷಕರು ಒಳ್ಳೆಯವರು. ನಕ್ಕು, “ಇದನ್ನು ಬರೆದುಕೊಳ್ತೇನಮ್ಮ, ಆದರೂ ನಿಮಗೆ ತೊಂದರೆ ಆಗುವುದಿಲ್ಲ” ಅಂದರು. ಸರ್ಟಿಫಿಕೇಟ್ ಬಂತು. ಶಾಲೆಯಲ್ಲಿ ಬುದ್ಧಿ ಇಲ್ಲ ಅಂತ ತೋರಬಾರದು, ಆಸ್ಪತ್ರೆಯಲ್ಲಿ ಇದೆ ಅಂತ ತೋರಬಾರದು.

---

ಉಪ್ಪಿನಾಗರ

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ತಾಯಂದಿರಿಗೆ ಒಂದು ಮಾತು. ಗ್ರಹಣದ ದಿನ ಹೊರಗೆ ಬಂದೆ, ಹಲಸಿನಹಣ್ಣು ತಿಂದೆ, ಯಾರದೋ ಶಾಪ ಅಂತ ಅತ್ತೆ ಮನೆಯಲ್ಲಿ ಹೇಳಿಸಿಕೊಂಡು ಅತ್ತವರನ್ನು ಎಷ್ಟೋ ನೋಡಿದ್ದೇನೆ. ಡೌನ್ ಸಿಂಡ್ರೋಮ್ ಇದೆಯಲ್ಲ, ಅದು 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರುವುದರಿಂದ ಆಗುವುದು. 1959ರಲ್ಲೇ ಅದು ಗೊತ್ತಾಗಿದೆ. ಬಸುರಿಯಲ್ಲಿ ಏನು ತಿಂದಿರಿ, ಎಲ್ಲಿಗೆ ಹೋದಿರಿ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ತಪ್ಪಿಸಬಹುದಾದದ್ದೂ ಕೆಲವು ಇದೆ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ನೋಡಿಸಿ. ಕಡಿಮೆ ಇದ್ದರೆ ಬೇಗ ಮಾತ್ರೆ ಶುರು ಮಾಡಿದರೆ ಸಾಮಾನ್ಯವಾಗಿ ಮಿದುಳು ಬೆಳೆಯುವುದಕ್ಕೆ ತೊಂದರೆ ಆಗುವುದಿಲ್ಲ. ಹಾಗೇ ಉಪ್ಪು. ಬಸುರಿಯರಿಗೆ ಅಯೋಡಿನ್ ತೀರ ಕಡಿಮೆಯಾದರೆ ಮಗುವಿನ ಬುದ್ಧಿ ಬೆಳವಣಿಗೆಗೇ ಪೆಟ್ಟು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವ ಊರವರು ನಾವು, ಸಮುದ್ರದ ಕಲ್ಲುಪ್ಪಿನಲ್ಲಿ ಎಲ್ಲ ಇದೆ ಅಂದುಕೊಂಡಿದ್ದೇವೆ. ಅದರಲ್ಲಿ ತಾನಾಗಿ ಇರುವ ಅಯೋಡಿನ್ ಬಹಳ ಕಡಿಮೆ. ಉಪ್ಪಿನಕಾಯಿಗೆ ಕಲ್ಲುಪ್ಪು ಹಾಕಿ, ನಾನೂ ಹಾಕುತ್ತೇನೆ. ದಿನದ ಸಾರಿಗೆ ಅಯೋಡಿನ್ ಸೇರಿಸಿದ ಉಪ್ಪು ಇರಲಿ.

ವಿಷಯ ಬಿಟ್ಟು ಹೋಯಿತು, ಕ್ಷಮಿಸಿ.

---

ತದಡಿ ಬಂದರು

ನನ್ನ ಅನುಭವದಲ್ಲಿ ದೇವರು ಒಂದು ಕಿತ್ತುಕೊಂಡರೆ ಇನ್ನೊಂದು ಕೊಟ್ಟಿರುತ್ತಾನೆ. ನಮ್ಮ ಕೇರಿಯಲ್ಲಿ ಒಬ್ಬ ಇದ್ದಾನೆ, ಮಾತು ಸರಿ ಬರುವುದಿಲ್ಲ, ಆದರೆ ಯಾವ ದೋಣಿ ಯಾವತ್ತು ಹೋಯಿತು ಅಂತ ಕೇಳಿ, ಪಟ್ಟಂತ ಹೇಳುತ್ತಾನೆ. ನಿಮ್ಮ ಅಣ್ಣನಿಗೆ ಅಡಿಕೆ. ಇಂಥವರ ಪ್ರತಿಭೆ ಗುರುತಿಸಿ ಅವರಿಗೂ ಅದೇ ವೇದಿಕೆಯಲ್ಲಿ ಶಾಲು ಹೊದಿಸಬೇಕು. ಮುಂದಿನ ವರ್ಷ ನಿಮ್ಮ ಸಂಘದವರಿಗೆ ಹೇಳಿ.

---

ಬನವಾಸಿ ರಸ್ತೆ

ತದಡಿಯವರೇ, ನಿಮ್ಮ ಮನಸ್ಸು ಒಳ್ಳೆಯದು. ನೀವು ಬರೆದದ್ದು ಓದಿದ ಮೇಲೇ ನನಗೆ ಆ ಹಿರಿಯರ ಮಾತು ಯಾಕೆ ಚುಚ್ಚಿತು ಅಂತ ಗೊತ್ತಾಯಿತು. ಹೇಳಲು ನಾಚಿಕೆ. ಆದರೂ ಹೇಳುತ್ತೇನೆ.

ಅಣ್ಣನಿಗೆ ಅಡಿಕೆ ಆರಿಸಲು ಬರುವುದಿಲ್ಲ.

ಇಪ್ಪತ್ತು ವರ್ಷದಿಂದ ನಾನೇ ಹಬ್ಬಿಸಿದ ಸುಳ್ಳು ಅದು. ಮದುವೆ ಮನೆಯಲ್ಲಿ, ಮಾರಿಕಾಂಬಾ ಜಾತ್ರೆಯಲ್ಲಿ ಯಾರಾದರೂ “ಅಣ್ಣ ಎಂತ ಮಾಡ್ತಾ?” ಅಂತ ಕೇಳಿದರೆ ನನಗೆ ಒಂದು ಉತ್ತರ ಬೇಕಿತ್ತು. “ಚಾಲಿ ಆರಿಸುವುದರಲ್ಲಿ ಎಕ್ಸ್‌ಪರ್ಟು” ಅಂತ ಶುರು ಮಾಡಿದೆ. ನಿಜ ಏನೆಂದರೆ, ಮಳೆಗಾಲದಲ್ಲಿ ಸುಲಿದ ಅಡಿಕೆ ರಾಶಿಯ ಮುಂದೆ ಅವನೂ ಕೂರುತ್ತಾನೆ. ಮೂರು ಬುಟ್ಟಿ ಇಡುತ್ತೇವೆ. ಅವನು ಕೋಕವನ್ನೂ ಚಾಲಿಗೇ ಹಾಕುತ್ತಾನೆ. ಒಡೆದದ್ದು, ಕಪ್ಪಾದದ್ದು, ಹುಳ ಹಿಡಿದದ್ದು, ಎಲ್ಲ ಅವನಿಗೆ ಒಂದೇ. ಒಂಬತ್ತು ಗಂಟೆಗೆ ಅವನು ಮಲಗಿದ ಮೇಲೆ ಆಯಿ (ನಮ್ಮ ಅಮ್ಮ) ಲೈಟು ಹಾಕಿಕೊಂಡು ಅವನ ಬುಟ್ಟಿಯನ್ನು ಪುನಃ ಸುರಿದು ಆರಿಸುತ್ತಾರೆ. ಎಪ್ಪತ್ತು ದಾಟಿದ ಹೆಂಗಸು, ಸೊಂಟ ನೋವು ಬೇರೆ. ಆ ಅಡಿಕೆ ಬುಟ್ಟಿಗೆ ಬೀಳುವ ಟಕ್ ಟಕ್ ಸದ್ದು ಕೇಳುತ್ತಲೇ ನಾನು ನಿದ್ದೆ ಹೋಗುವುದು.

ಅವನಿಗೆ ಯಾವ ಪ್ರತಿಭೆಯೂ ಇಲ್ಲ. ತಾರೀಖು ನೆನಪಿಡುವುದಿಲ್ಲ, ಹಾಡುವುದಿಲ್ಲ, ಚಿತ್ರ ಬಿಡಿಸುವುದಿಲ್ಲ. ಮುಗ್ಧ, ದೇವರಂಥವನು ಅಂತಾರಲ್ಲ, ಹಾಗೂ ಇಲ್ಲ. ಸಿಟ್ಟು ಬಂದರೆ ಲೋಟ ಎಸೆಯುತ್ತಾನೆ, ಹೋಳಿಗೆ ಕದ್ದು ತಿಂದು ತಪ್ಪು ನಾಯಿಯ ಮೇಲೆ ಹಾಕುತ್ತಾನೆ. ನಿರೂಪಕರು ಅವನನ್ನು ಕೋಕದ ಬುಟ್ಟಿಗೆ ಹಾಕಿದರು. ನಾನು ಇಪ್ಪತ್ತು ವರ್ಷ ಪಾಲಿಶ್ ಮಾಡಿ ಚಾಲಿ ಬುಟ್ಟಿಗೆ ಹಾಕಲು ನೋಡಿದೆ. ಬುಟ್ಟಿ ಎರಡೂ ಅವರದ್ದೇ ಅಲ್ವಾ?

ದೇವಿಮನೆಯವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆಪರೇಷನ್ ಮಾಡಲು ಜಾಣರೇ ಬೇಕು, ಆ ಹುಡುಗಿಗೆ ಶಾಲು ಹೊದಿಸಿ, ನಾನೇ ಚಪ್ಪಾಳೆ ಹೊಡೆಯುತ್ತೇನೆ. ಆದರೆ ಅಣ್ಣ ಒಂದು ಲೋಟ ಪಾನಕ ಹಿಡಿದು ನಡೆದರೆ ಅದು ಬರೀ ಪಾನಕ ಆಗಿರಬೇಕಿತ್ತು.

---

ದೇವಿಮನೆ ಘಟ್ಟ

ಒಪ್ಪಿದೆ. ನನ್ನ ತಮಾಷೆ ಮಾತು ವಾಪಸ್.

---

ತದಡಿ ಬಂದರು

ಬೇಸರ ಮಾಡಿಕೊಳ್ಳಬೇಡಿ, ನಾನು ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನಗೆ ಈಗಲೂ ಅನ್ನಿಸುವುದು, ಏನೂ ಬಾರದವನನ್ನು ಸಮಾಜ ಸುಮ್ನೆ ಒಪ್ಪುವುದಿಲ್ಲ. ಏನಾದರೂ ಒಂದು ತೋರಿಸಲೇಬೇಕಾಗುತ್ತದೆ.

---

ಅಘನಾಶಿನಿ ದಡ

ಕಾನೂನು ಒಪ್ಪುತ್ತದೆ, ಕನಿಷ್ಠ ಒಂದು ಕಡೆ. 2024ರ ಮೇ 7ಕ್ಕೆ ನಮ್ಮಲ್ಲಿ ಲೋಕಸಭೆ ಚುನಾವಣೆ ಇತ್ತಲ್ಲ, ನನ್ನ ಸೋದರತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಓದು ಬರಹ ಬಾರದು, ಬುದ್ಧಿ ಬೆಳವಣಿಗೆ ಕಡಿಮೆ. ಬಾಗಿಲಲ್ಲಿ ಒಬ್ಬರು, “ಇವರಿಗೆ ಏನು ಗೊತ್ತಾಗ್ತದೆ, ಯಾಕೆ ತೊಂದರೆ ಕೊಡ್ತೀರಿ” ಅಂದರು. ಕೋರ್ಟು ಒಬ್ಬರನ್ನು ಅಸ್ವಸ್ಥ ಮನಸ್ಸಿನವರು ಅಂತ ಘೋಷಿಸಿದರೆ ಮಾತ್ರ ಮತ ಇಲ್ಲ. ಡಾಕ್ಟರ ಚೀಟಿ, ನೆರೆಯವರ ಮಾತು, ಬಾಗಿಲಲ್ಲಿ ನಿಂತವರ ಅನುಮಾನ, ಯಾವುದೂ ಸಾಲದು. ಅತ್ತೆ ಮತ ಹಾಕಿದರು. ಮೂರು ದಿನ ಬೆರಳು ತೊಳೆಯಲು ಬಿಡಲಿಲ್ಲ.

---

ಮಳೆಗಾಲ

ನನಗೆ ರಾತ್ರಿ ನಿದ್ದೆ ಬಾರದ ಪ್ರಶ್ನೆ ಬೇರೆ. ನನ್ನ ನಂತರ ಯಾರು? ಮಗನಿಗೆ ಈಗ ಹದಿನೇಳು. ತಂದೆ ಇಲ್ಲ. ಹದಿನೆಂಟಾದ ಮೇಲೆ ಬ್ಯಾಂಕಿನಲ್ಲಿ ಸಹಿ ಯಾರು ಹಾಕಬೇಕು ಅಂತಲೂ ಗೊತ್ತಿಲ್ಲ. ಯಾರಾದರೂ ಮಾಡಿಸಿದವರು ಇದ್ದೀರಾ?

ಬನವಾಸಿ ರಸ್ತೆಯವರೇ, ಒಂದು ಕೇಳಲಾ, ಸಿಟ್ಟು ಮಾಡಬೇಡಿ. ಅಡಿಕೆ ಆರಿಸುವುದು ಅಣ್ಣನಿಗೆ ಇಷ್ಟವಾ ಅಂತ ಕೇಳಿದ್ದೀರಾ?

---

ಬೈತಖೋಲ್

ಅಕ್ಕಾ, ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಂತ 1999ರದ್ದು ಇದೆ. ಅದರಲ್ಲಿ ಜಿಲ್ಲೆಗೊಂದು ಸ್ಥಳೀಯ ಸಮಿತಿ, ಜಿಲ್ಲಾಧಿಕಾರಿ ಮುಖ್ಯಸ್ಥರು. ಹದಿನೆಂಟಾದ ಮೇಲೆ ಅಲ್ಲಿ ಅರ್ಜಿ ಕೊಟ್ಟರೆ ಪೋಷಕರನ್ನು ನೇಮಿಸುತ್ತಾರೆ. ನಿಮ್ಮ ನಂತರ ಯಾರು ಅಂತ ಈಗಲೇ ಮನೆಯವರ ಹತ್ತಿರ ಮಾತಾಡಿಟ್ಟುಕೊಳ್ಳಿ. ಅದೇ ಟ್ರಸ್ಟಿನದು ನಿರಾಮಯ ಅಂತ ಆರೋಗ್ಯ ವಿಮೆ, ವರ್ಷಕ್ಕೆ ಒಂದು ಲಕ್ಷದವರೆಗೆ. ನಮ್ಮ ತಂಗಿಯದು ನಾನೇ ಮಾಡಿಸಿದ್ದು. ಕಾರವಾರಕ್ಕೆ ಬರುವ ದಿನ ಮೊದಲೇ ಹೇಳಿ, ಕಚೇರಿಗೆ ಜೊತೆಗೆ ಬರುತ್ತೇನೆ. ಮಗನ ಅಂಗವಿಕಲರ ಕಾರ್ಡು, ಆಧಾರ್, ಫೋಟೊ ಎಲ್ಲದರ ಎರಡೆರಡು ಜೆರಾಕ್ಸ್ ತನ್ನಿ.

---

ಬನವಾಸಿ ರಸ್ತೆ

ಮಳೆಗಾಲ ಅಕ್ಕ, ಸಿಟ್ಟೇನೂ ಇಲ್ಲ. ನಿನ್ನೆ ಸಂಜೆ ರಾಶಿಯ ಮುಂದೆ ಕೂತಾಗ ಕೇಳಿದೆ. ಎರಡು ನಿಮಿಷ ಸುಮ್ಮನಿದ್ದ. ಆಮೇಲೆ “ಬ್ಯಾಸರ” ಅಂದ. ಬುಟ್ಟಿ ಪಕ್ಕಕ್ಕೆ ತಳ್ಳಿದ. ಆಯಿ ನನ್ನ ಮುಖ ನೋಡಿದರು, ನಾನು ಆಯಿಯ ಮುಖ ನೋಡಿದೆ. “ಮತ್ತೆ ಇಷ್ಟು ವರ್ಷ ಎಂತಕ್ಕೆ ಕೂತ್ಯಾ?” ಅಂದಿದ್ದಕ್ಕೆ, “ನೀನು ಹೇಳ್ದೆ” ಅಂದ.

ಬೈತಖೋಲ್ ಅವರೇ, ಆ ಸಮಿತಿಗೆ ನಮ್ಮದೂ ಅರ್ಜಿ ಕೊಡಬೇಕು, ಆಯಿಗೆ ವಯಸ್ಸಾಯಿತು. ಅಕ್ಕ ಬರುವ ದಿನವೇ ನಾವೂ ಬರುತ್ತೇವೆ. ಕಾರವಾರ ಅಂದದ್ದೇ ತಡ, ಅಣ್ಣ ಚೀಲಕ್ಕೆ ಟವೆಲ್ ಹಾಕಿಕೊಂಡು ಕೂತಿದ್ದಾನೆ. ಸಮುದ್ರಕ್ಕೆ ಇಳಿಯಬೇಕಂತೆ. ಈ ಮಳೆಯಲ್ಲಿ ಬೇಡ ಅಂದರೆ ಕೇಳುತ್ತಿಲ್ಲ.